ಕಲ್ಲುಸಕ್ಕರೆ ಬ್ಯಾಂಡಿನ ಮೊದಲ ಟೂರು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಬ್ಯಾಂಡಿನಲ್ಲಿ ಯಾರಿಗೂ ಏನೂ ನುಡಿಸಲು ಬರುವುದಿಲ್ಲ.

ಬ್ಯಾಂಡಿನ ಹೆಸರು ಕಲ್ಲುಸಕ್ಕರೆ. ಹುಟ್ಟಿದ್ದು 2009ರಲ್ಲಿ, ಕಾಲೇಜಿನ ಹಿಂದಿನ ಟೀ ಅಂಗಡಿಯ ಬೆಂಚಿನ ಮೇಲೆ. ಮಾರನೇ ದಿನ ಪರೀಕ್ಷೆ ಇತ್ತು. ಓದುವುದು ತಪ್ಪಿಸಿಕೊಳ್ಳಲು ಜನ ಏನೇನೋ ಮಾಡುತ್ತಾರೆ, ನಾವು ರಾಕ್ ಬ್ಯಾಂಡ್ ಕಟ್ಟಿದೆವು. ರಾಕ್ ಅಂದರೆ ಕಲ್ಲು. ಕೇಳುವವರಿಗೆ ಒಂಚೂರು ಸಿಹಿಯೂ ಇರಲಿ ಅಂತ ಸಕ್ಕರೆ ಸೇರಿಸಿದೆವು. ಒಬ್ಬ ಗಿಟಾರು, ಒಬ್ಬ ಡ್ರಮ್ಮು, ಒಬ್ಬಳು ಬೇಸು, ನಾನು ಗಾಯಕ. ಗಿಟಾರಿಗೆ ಆರು ತಂತಿ ಇರುತ್ತವೆ ಅಂತ ನಮ್ಮ ಗಿಟಾರಿಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ. ಬೇಸ್ ಗಿಟಾರ್ ಏನು ಮಾಡುತ್ತದೆ ಅಂತ ಕೇಳಿದರೆ ಬೇಸು ಇವತ್ತಿಗೂ ಒಂದೇ ಉತ್ತರ ಕೊಡುತ್ತಾಳೆ: "ಸಾರಿಗೆ ಉಪ್ಪು ಇದ್ದ ಹಾಗೆ ಕಣೋ. ಇದ್ರೆ ಗೊತ್ತಾಗಲ್ಲ, ಇಲ್ದಿದ್ರೆ ಗೊತ್ತಾಗುತ್ತೆ." ನನ್ನ ಗಂಟಲಿನ ಬಗ್ಗೆ ಇಷ್ಟು ಹೇಳಿದರೆ ಸಾಕು. ಸ್ಕೂಲಿನ ಪ್ರಾರ್ಥನೆಯಲ್ಲಿ ಮೇಷ್ಟ್ರು ನನ್ನನ್ನು ಸುಮ್ನೆ ತುಟಿ ಆಡಿಸು ಅಂದಿದ್ದರು.

ಆಟ ಹದಿನಾರು ವರ್ಷದಿಂದ ನಡೆಯುತ್ತಿದೆ. ಆಲ್ಬಂ ಮೂರು, ಹಾಡು ಸೊನ್ನೆ. 2014ರಲ್ಲಿ ಡ್ರಮ್ಮು ಪುಣೆಯಲ್ಲಿ ಕೆಲಸ ಸಿಕ್ಕಿತು ಅಂತ ಹೊರಟಾಗ ಬ್ಯಾಂಡ್ ಒಡೆಯಿತು. ಅವನು ದುಡ್ಡಿಗೆ ಕಲೆ ಮಾರಿಕೊಂಡ ಅಂತ ನಾವು ಮೂವರೂ ಎರಡು ವರ್ಷ ಹೇಳಿಕೊಂಡು ತಿರುಗಿದೆವು. ಗಿಟಾರಿನ ಮದುವೆಯಲ್ಲಿ, ಹೋಳಿಗೆ ಊಟದ ಪಂಕ್ತಿಯಲ್ಲಿ, ಮತ್ತೆ ಒಂದಾದೆವು. ಎಲ್ಲ ಆಗಿದೆ, ಟೂರ್ ಒಂದು ಬಾಕಿ ಇತ್ತು. ಬೇಸು ಹೇಳಿದಳು: "ರಾಕ್ ಬ್ಯಾಂಡ್ ಅಲ್ವಾ? ರಾಕ್ ಇರೋ ಕಡೆನೇ ಹೋಗೋಣ."

ಹಾಗೆ ತೀರ್ಮಾನವಾಯಿತು. ಚಿತ್ರದುರ್ಗ, ಹಂಪಿ, ಬಳ್ಳಾರಿ. ಜನವರಿ ತಿಂಗಳು, ನಾಲ್ಕು ದಿನ. ಟೂರ್ ಮುಗಿಯುವವರೆಗೆ ಯಾರೂ ಯಾರನ್ನೂ ಹೆಸರಿಡಿದು ಕರೆಯುವಂತಿಲ್ಲ, ವಾದ್ಯದ ಹೆಸರೇ ಹೆಸರು. ಯಾರು ಕೇಳಿದರೂ ನಾವು ಬ್ಯಾಂಡಿನವರು. ಬಾಯಿ ತಪ್ಪಿ ನಿಜ ಹೇಳಿದವರು ಮುಂದಿನ ಟೋಲ್ ಕಟ್ಟಬೇಕು.

ಮೊದಲ ದಿನ

ಬೆಳಿಗ್ಗೆ ಐದೂವರೆಗೆ ಬೇಸಿನ ಚಿಕ್ಕಪ್ಪನ ಹಳೇ ವ್ಯಾನ್ ಬಂತು. ಅದೇ ನಮ್ಮ ಟೂರ್ ಬಸ್ಸು. ಡ್ರಮ್ಮು ಒಂದು ಖಾಲಿ ಪೇಂಟ್ ಬಕೆಟ್ ಮತ್ತು ಅಮ್ಮನಿಗೆ ಹೇಳದೆ ತಂದ ಎರಡು ಲಟ್ಟಣಿಗೆ ಹಿಡಿದು ಹತ್ತಿದ. ಗಿಟಾರಿನ ಬೆನ್ನಿಗೆ ಅಸಲಿ ಗಿಟಾರ್ ಬ್ಯಾಗು. ಕರೀದು, ದಪ್ಪ ಜಿಪ್ಪಿನದು. ಒಳಗೆ ಶಟಲ್ ರ‍್ಯಾಕೆಟ್ಟು, ಟವೆಲ್ಲು, ಎರಡು ಜೊತೆ ಚಡ್ಡಿ. ಈ ಬ್ಯಾಗು ಮುಂದೆ ನಮ್ಮನ್ನು ಎಂಥ ಸಂಕಟಕ್ಕೆ ಸಿಕ್ಕಿಸುತ್ತದೆ ಅಂತ ಆಗ ಗೊತ್ತಿದ್ದಿದ್ದರೆ ಅಲ್ಲೇ ರಸ್ತೆ ಬದಿಯಲ್ಲಿ ಇಳಿಸಿ ಹೋಗುತ್ತಿದ್ದೆವು.

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರ್. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ಶಿರಾ ದಾಟಿದ ಮೇಲೆ ಟೈರ್ ಪಂಕ್ಚರ್. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಹೊರಡುವ ಮುಂಚೆ ನೋಡಿಕೊಳ್ಳಬೇಕಿದ್ದು ನಾನು, ಆದ್ದರಿಂದ ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹಿರಿಯೂರು ಬಿಟ್ಟ ಮೇಲೆ ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣಿಸಿದವು. ಅಷ್ಟು ದೊಡ್ಡ ರೆಕ್ಕೆ, ಅಷ್ಟು ನಿಧಾನ. ನೂರಾರು ಕೈಗಳು ಬಿಡುವಿಲ್ಲದೆ ಟಾಟಾ ಮಾಡುತ್ತಿದ್ದ ಹಾಗಿತ್ತು. "ಅಭಿಮಾನಿಗಳು" ಅಂದ ಗಿಟಾರು, ಕಿಟಕಿಯಿಂದ ಕೈ ಬೀಸುತ್ತಾ.

ದುರ್ಗದ ಕೋಟೆಗೆ ಕಾಲಿಟ್ಟಾಗ ಒಂದು ಗಂಟೆ. ಏಳು ಸುತ್ತಿನ ಕೋಟೆ ಅಂತ ಪಾಠದಲ್ಲಿ ಓದಿದ್ದೇ ಬೇರೆ, ಅದರ ಬುಡದಲ್ಲಿ ನಿಲ್ಲುವುದೇ ಬೇರೆ. ಇಲ್ಲಿ ಗೋಡೆ ಎಲ್ಲಿ ಮುಗಿಯುತ್ತದೆ, ಬಂಡೆ ಎಲ್ಲಿ ಶುರುವಾಗುತ್ತದೆ ಅಂತ ಹೇಳುವುದು ಕಷ್ಟ. ಕಟ್ಟಿದವರು ಗುಡ್ಡವನ್ನೇ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಎರಡು ಬಂಡೆಗಳ ನಡುವೆ ಎಷ್ಟು ಸಂದು ಇದೆಯೋ ಅಷ್ಟು ಮಾತ್ರ ಗೋಡೆ. ಮದ್ದು ಅರೆಯುವ ಗುಂಡಿಯಲ್ಲಿ ಬೀಸುವ ಕಲ್ಲುಗಳು ಇನ್ನೂ ಇವೆ. ಒಂದೊಂದೂ ಆಳೆತ್ತರಕ್ಕೆ ಹತ್ತಿರ. ನಮ್ಮ ಡ್ರಮ್ಮು ಅದರ ಪಕ್ಕ ನಿಂತರೆ ಉದ್ದಿನಬೇಳೆ ಕಾಳಿನ ಹಾಗೆ ಕಂಡ.

ಗೈಡ್ ಓಬವ್ವನ ಕಥೆ ಹೇಳಿದರು. ಕಥೆ ಗೊತ್ತಿಲ್ಲದ ಕನ್ನಡದವರು ಯಾರಿದ್ದಾರೆ? ಹೈದರ್ ಅಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದದ್ದು, ನೀರಿಗೆ ಹೋದ ಓಬವ್ವ ಒನಕೆ ಹಿಡಿದು ನಿಂತದ್ದು. ಆದರೆ ಒಂದು ವಿಷಯ ನನಗೆ ಅವತ್ತು ಹೊಸದಾಗಿ ಕಿವಿಗೆ ಬಿತ್ತು. ಆಕೆಯ ಗಂಡನ ಹೆಸರು ಕಹಳೆ ಮುದ್ದ ಹನುಮ. ಶತ್ರು ಬಂದರೆ ಕಹಳೆ ಊದಿ ಎಚ್ಚರಿಸುವುದು ಅವನ ಕೆಲಸ. ಅವನು ಊಟಕ್ಕೆ ಕೂತಿದ್ದ ಹೊತ್ತಿನಲ್ಲೇ ಇದೆಲ್ಲ ಆಯಿತು.

"ನೋಡ್ರೋ," ಅಂದಳು ಬೇಸು. "ಊದೋನು ಊಟಕ್ಕೆ ಹೋಗಿದ್ದ. ಬಾರಿಸೋಳು ಕೆಲಸ ಮಾಡಿದ್ಲು. ಎಲ್ಲಾ ಬ್ಯಾಂಡಲ್ಲೂ ಇದೇ ಕಥೆ."

ಗೈಡ್ ನಕ್ಕರು. ನಾವು ಯಾರು ಅಂತ ಕೇಳಿದರು. ಬ್ಯಾಂಡಿನವರು ಅಂದೆವು. ಅವರು ಗಿಟಾರಿನ ಬೆನ್ನ ಮೇಲಿನ ಬ್ಯಾಗ್ ನೋಡಿ, ಹೌದೆನ್ನುವ ಹಾಗೆ ತಲೆ ಆಡಿಸಿದರು.

ಕಿಂಡಿಯಲ್ಲಿ ನಾವೂ ತೂರಿದೆವು. ಬಂಡೆಗಳ ನಡುವಿನ ಆ ಸಂದು ಹೊರಗಿನಿಂದ ನೋಡಿದರೆ ಅಂಥಾ ಇಕ್ಕಟ್ಟು ಅನ್ನಿಸುವುದಿಲ್ಲ. ಒಳಗೆ ಹೋದ ಮೇಲೆ ಬಗ್ಗಬೇಕು, ಆಮೇಲೆ ಒಂದು ಭುಜ ಮುಂದೆ ತರಬೇಕು, ಆಮೇಲೆ ಉಸಿರು ಬಿಡಬೇಕು. ಭುಜ ಉಜ್ಜುವ ಜಾಗದಲ್ಲಿ ಕಲ್ಲು ಎಣ್ಣೆ ಸವರಿದ ಹಾಗೆ ನುಣುಪಾಗಿದೆ. ನನ್ನ ಹಿಂದೆ ಬಂದ ಡ್ರಮ್ಮು ನಡುವೆ ಸಿಕ್ಕಿಕೊಂಡ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಅವನ ತಲೆ ಮಾತ್ರ ಈ ಕಡೆ. ಎರಡು ನಿಮಿಷ ಯಾರೂ ನಗಲಿಲ್ಲ. ಆ ಹೊತ್ತಿನಲ್ಲಿ ನನಗೆ ಗೊತ್ತಾಯಿತು, ಇಲ್ಲಿ ಒನಕೆ ಹಿಡಿದು ನಿಂತವಳಿಗೆ ಒಬ್ಬಳೇ ಸಾಕಾಗಿದ್ದು ಯಾಕೆ ಅಂತ. ತೂರಿ ಬರುವವನಿಗೆ ಕೈ ಎತ್ತಲು ಜಾಗವೇ ಇಲ್ಲ. ಕೊನೆಗೆ ಹಿಂದಿನಿಂದ ಯಾವುದೋ ಸ್ಕೂಲ್ ಟ್ರಿಪ್ಪಿನ ಮಕ್ಕಳು ಐಸಾ ಅಂತ ತಳ್ಳಿ ಅವನನ್ನು ಈಚೆ ಹಾಕಿದರು.

ಕೋಟೆ 1779ರಲ್ಲಿ ಕೊನೆಗೂ ಹೈದರನ ಕೈಗೆ ಬಿತ್ತು, ಮದಕರಿ ನಾಯಕ ಸೆರೆಯಾದ. ಅಷ್ಟು ಕಲ್ಲು ಇದ್ದೂ.

ರಾತ್ರಿ ಲಾಡ್ಜಿನಲ್ಲಿ ರಿಜಿಸ್ಟರ್ ತುಂಬಿಸುವಾಗ "ಬಂದ ಉದ್ದೇಶ" ಅನ್ನುವ ಕಾಲಂ ಇತ್ತು. ಬೇಸು ಒಂದು ಕ್ಷಣವೂ ಯೋಚಿಸದೆ "ಸಂಗೀತ" ಅಂತ ಬರೆದಳು. ಕೌಂಟರಿನವರು ಅದನ್ನು ಓದಿ, ಬ್ಯಾಗ್ ನೋಡಿ, ಬಕೆಟ್ ನೋಡಿ, "ಆರ್ಕೆಸ್ಟ್ರಾದವರಾ ಸಾರ್?" ಅಂದರು. ಗಿಟಾರು ಗಂಭೀರವಾಗಿ ಹೂಂ ಅಂದ. ನಾಳೆ ಎಲ್ಲಿ ಅಂತ ಕೇಳಿದರು. ಹೊಸಪೇಟೆ ಅಂದೆವು. "ಹೌದಾ? ಅಲ್ಲಿ ನಮ್ಮಣ್ಣಂದೇ ಲಾಡ್ಜ್ ಇದೆ, ಫೋನ್ ಮಾಡಿ ರೂಮ್ ಹೇಳಿಬಿಡ್ತೀನಿ."

ನಮಗೆ ಖುಷಿಯೋ ಖುಷಿ.

ಎರಡನೇ ದಿನ

ಹೊಸಪೇಟೆಗೆ ಮೂರು ಗಂಟೆ ದಾರಿ ಅಷ್ಟೇ. ಕೂಡ್ಲಿಗಿ ದಾಟಿದ ಮೇಲೆ ಮಣ್ಣಿನ ಬಣ್ಣ ಕೆಂಪಾಗುತ್ತಾ ಹೋಗುತ್ತದೆ, ಅದಿರು ಲಾರಿಗಳು ಜಾಸ್ತಿಯಾಗುತ್ತವೆ. ನಮ್ಮ ಬಿಳಿ ವ್ಯಾನ್ ಊರು ಸೇರುವಷ್ಟರಲ್ಲಿ ಕುಂಕುಮ ಚೆಲ್ಲಿದ ಹಾಗಿತ್ತು.

ಲಾಡ್ಜಿನ ಮುಂದೆ ಓನರ್ ಕೈ ಮುಗಿದುಕೊಂಡು ನಿಂತಿದ್ದರು. ಬಾಳೆಹಣ್ಣಿನ ಚಿಪ್ಪು ಇತ್ತು. ಅಷ್ಟರಲ್ಲೇ ನನಗೆ ಹೊಟ್ಟೆಯಲ್ಲಿ ಏನೋ ಆಯಿತು.

"ತಮ್ಮ ಫೋನ್ ಮಾಡಿದ್ದ್ರಿ. ಆರ್ಕೆಸ್ಟ್ರಾದೋರು ಬರ್ತಾರ ಅಂದ. ಇವತ್ತ ನಮ್ಮ ಮೊಮ್ಮಗನ ಬರ್ತ್‌ಡೇ ಐತ್ರಿ. ಮ್ಯಾಲೆ ಟೆರೇಸಿನ್ಯಾಗ ಶಾಮಿಯಾನ ಹಾಕ್ಸೀವಿ. ಜಾಸ್ತಿ ಏನಿಲ್ಲ, ಎರಡು ಹಾಡು ಹಾಡಿಬಿಡ್ರಿ ಸಾಕು. ರೂಮಿನ ರೊಕ್ಕ ಬ್ಯಾಡ."

ರೂಮಿಗೆ ಬಂದು ಬಾಗಿಲು ಹಾಕಿಕೊಂಡೆವು. ನಿಜ ಹೇಳಿಬಿಡೋಣ ಅಂದೆ ನಾನು. ಹೇಳು, ಟೋಲ್ ನೀನೇ ಕಟ್ಟು ಅಂದ ಗಿಟಾರು. ಗಂಟಲು ಕೆಟ್ಟಿದೆ ಅನ್ನೋಣ ಅಂದ ಡ್ರಮ್ಮು. ಗಂಟಲು ನಂದು, ನಿಂದು ಯಾಕೆ ಬಾರಿಸಲ್ಲ ಅಂತ ಕೇಳ್ತಾರೆ ಅಂದೆ. ನಾಲ್ವರಿಗೂ ಪೂರ್ತಿ ಬರುವ ಹಾಡು ಯಾವುದು ಅಂತ ಹುಡುಕಲು ಕೂತೆವು. ಇದು ಬಹಳ ದುಃಖದ ಕೆಲಸ. ಎಲ್ಲರಿಗೂ ಎಲ್ಲಾ ಹಾಡಿನ ಪಲ್ಲವಿ ಬರುತ್ತದೆ, ಚರಣಕ್ಕೆ ಬಂದರೆ ಎಲ್ಲರೂ ಹೂಂಹೂಂ. ಒಂದು ಗಂಟೆ ಕಳೆಯಿತು. ಕೆಳಗೆ ಒಗ್ಗರಣೆ ವಾಸನೆ ಬರತೊಡಗಿತ್ತು.

"ಮಗ್ಗಿ," ಅಂದಳು ಬೇಸು.

ಮೂವರೂ ತಿರುಗಿ ನೋಡಿದೆವು.

"ಮಗ್ಗಿ ಕಣ್ರೋ. ಎರಡೊಂದ್ಲ ಎರಡು. ನಾಲ್ಕೂ ಜನಕ್ಕೂ ಬರುತ್ತೆ, ತಾಳ ಇದೆ, ಪ್ರಾಸ ಇಲ್ದಿದ್ರೂ ಪ್ರಾಸ ಇದ್ದ ಹಾಗೆ ಕೇಳ್ಸುತ್ತೆ. ಸಣ್ಣ ಹುಡುಗನ ಬರ್ತ್‌ಡೇ ಬೇರೆ."

ಸಂಜೆ ಏಳಕ್ಕೆ ಟೆರೇಸಿಗೆ ಹೋದೆವು. ಐವತ್ತು ಅರವತ್ತು ಜನ, ಪ್ಲಾಸ್ಟಿಕ್ ಕುರ್ಚಿ, ಮಂಡಕ್ಕಿ, ಮಿರ್ಚಿ, ಕೇಕು. ಏಳು ವರ್ಷದ ಹುಡುಗ ಹೊಸ ಶರ್ಟಿನ ಕಾಲರ್ ಚುಚ್ಚುತ್ತಿದೆ ಅಂತ ಮುಖ ಹುಳ್ಳಗೆ ಮಾಡಿಕೊಂಡು ಕೂತಿದ್ದ. ಗಿಟಾರು ಬ್ಯಾಗಿನ ಜಿಪ್ ಎಳೆದ. ಜನ ಕತ್ತು ಉದ್ದ ಮಾಡಿದರು. ಒಳಗಿಂದ ಶಟಲ್ ರ‍್ಯಾಕೆಟ್ ಬಂತು. ಮೊದಲು ಪೂರ್ತಿ ಮೌನ. ಆಮೇಲೆ ಯಾವುದೋ ಹುಡುಗಿ ಕಿಸಕ್ಕನೆ ನಕ್ಕಳು, ಆಮೇಲೆ ಮಕ್ಕಳೆಲ್ಲ ನಕ್ಕರು. ಗಿಟಾರು ಒಂದು ಕಾಲು ಮುಂದೆ ಇಟ್ಟು, ಕಣ್ಣು ಮುಚ್ಚಿ, ರ‍್ಯಾಕೆಟ್ಟಿನ ತಂತಿಯ ಮೇಲೆ ಕೈ ಆಡಿಸಿದ. ಎಂಥಾ ನೋವು ಆ ಮುಖದಲ್ಲಿ! ಹದಿನಾರು ವರ್ಷದ ಅಭ್ಯಾಸ ಅವತ್ತು ಕೈಗೆ ಬಂತು. ಡ್ರಮ್ಮು ಬಕೆಟ್ ಬೋರಲು ಹಾಕಿ ಲಟ್ಟಣಿಗೆಯಲ್ಲಿ ನಾಲ್ಕು ಏಟು ಹಾಕಿದ.

ಎರಡರ ಮಗ್ಗಿ ನಿಧಾನಕ್ಕೆ ಶುರು ಮಾಡಿದೆವು, ಶೋಕಗೀತೆಯ ಹಾಗೆ. ಐದರ ಮಗ್ಗಿಗೆ ವೇಗ ಹೆಚ್ಚಿತು. ಐದರ ಮಗ್ಗಿ ಹುಟ್ಟಿರುವುದೇ ರಾಕ್ ಮಾಡಲು, ಬೇಕಾದರೆ ನೀವೇ ಜೋರಾಗಿ ಹೇಳಿ ನೋಡಿ. ಐದು, ಹತ್ತು ಅಂತ ಕುದುರೆ ಓಡಿದ ಹಾಗೆ ಓಡುತ್ತದೆ. ಒಂಬತ್ತರ ಹೊತ್ತಿಗೆ ಮಕ್ಕಳೆಲ್ಲ ಎದ್ದು ಮುಂದೆ ಬಂದು ಕುಣಿಯುತ್ತಿದ್ದರು. ಬರ್ತ್‌ಡೇ ಹುಡುಗ ಕಾಲರ್ ಬಿಚ್ಚಿ ಬಕೆಟ್ಟಿನ ಪಕ್ಕ ಬಂದು ನಿಂತ. ಆ ಹುರುಪಿನಲ್ಲಿ ನಾನು ಮಾಡಬಾರದ ಕೆಲಸ ಮಾಡಿದೆ. "ಹದಿನೇಳು!" ಅಂತ ಕೂಗಿದೆ.

ಹದಿನೇಳೊಂದ್ಲ ಹದಿನೇಳು. ಹದಿನೇಳೆರಡ್ಲ ಮೂವತ್ನಾಲ್ಕು. ಹದಿನೇಳೇಳ್ಲ ನೂರ ಹತ್ತೊಂಬತ್ತು ತನಕ ಹೇಗೋ ಬಂದೆವು. ಹದಿನೇಳೆಂಟ್ಲ ಡ್ರಮ್ಮಿನ ಸರದಿ. ಒಂದೊಂದು ಸಾಲು ಒಬ್ಬೊಬ್ಬರು ಅಂತ ಮಾತಾಗಿತ್ತು. ಲಟ್ಟಣಿಗೆ ಗಾಳಿಯಲ್ಲೇ ನಿಂತಿತು. ಅವನ ಬಾಯಿ ತೆರೆದಿತ್ತು, ಒಳಗಿಂದ ಏನೂ ಬರಲಿಲ್ಲ. ಈತ ಲೆಕ್ಕಪತ್ರದ ಕೆಲಸದಲ್ಲಿ ಇರುವ ಮನುಷ್ಯ ಅನ್ನುವುದನ್ನು ಇಲ್ಲಿ ನೆನಪಿಸಬೇಕು.

"ನೂರ ಮೂವತ್ತಾರು!" ಅಂತ ಹಿಂದಿನ ಸಾಲಿನಿಂದ ಒಂದು ದನಿ.

ಒಬ್ಬರು ಅಜ್ಜಿ. ಓನರ್ ಅವರ ತಾಯಿ. ಕುರ್ಚಿಯಿಂದ ಏಳಲಿಲ್ಲ, ಕೈಯಲ್ಲಿ ಮಿರ್ಚಿ ಹಾಗೇ ಇತ್ತು. "ಇದೇನ್ ಮಗ್ಗಿ? ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಬರ್ತಾವೇನ್ರಿ ನಿಮಗ?" ಅಂದರು. ನಾವು ಬರಲ್ಲ ಅಂದೆವು. ಅಜ್ಜಿ ಮಿರ್ಚಿ ತಟ್ಟೆಯಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಒಂದು ಕಾಲು ಕಾಲು, ಎರಡು ಕಾಲು ಅರೆ, ಮೂರು ಕಾಲು ಮುಕ್ಕಾಲು ಅಂತ ಶುರು ಮಾಡಿದರು. ಉಸಿರು ತೆಗೆದುಕೊಳ್ಳದೆ ಹೊರಟೇಬಿಟ್ಟರು. ಮುಕ್ಕಾಲು ಮಗ್ಗಿಗೆ ಬಂದಾಗ ತಾಳ ಬೇರೆಯಾಯಿತು, ಅಡ್ಡ ಅಡ್ಡ ಕುಂಟುತ್ತಾ ಹೋಗುವ ತಾಳ. ಡ್ರಮ್ಮು ಅದರ ಹಿಂದೆ ಬಕೆಟ್ ಹಿಡಿದು ಓಡಿದ ಅಂತಲೇ ಹೇಳಬೇಕು. ಕೊನೆಯಲ್ಲಿ ಚಪ್ಪಾಳೆ ಬಿದ್ದದ್ದು ಅಜ್ಜಿಗೆ. ಬೀಳಬೇಕಾದದ್ದೂ ಅಜ್ಜಿಗೇ.

ಊಟ ಬಡಿಸುವಾಗ ಓನರ್ ಮೆಲ್ಲಗೆ ಕೇಳಿದರು: "ನೀವು ಖರೇನ ಆರ್ಕೆಸ್ಟ್ರಾದೋರಲ್ಲ, ಹೌದಿಲ್ಲೋ?" ಅಲ್ಲ ಅಂದೆ. ಮುಂದಿನ ಟೋಲ್ ನಾನೇ ಕಟ್ಟಿದೆ.

ಮೂರನೇ ದಿನ

ಹಂಪಿ ಹೊಸಪೇಟೆಗೆ 13 ಕಿಲೋಮೀಟರ್. ಹಂಪಿಯ ಬಗ್ಗೆ ನಾನು ಹೊಸದಾಗಿ ಬರೆಯುವುದು ಏನೂ ಇಲ್ಲ. ನಾವು ಹೋದದ್ದು ಒಂದೇ ಕೆಲಸಕ್ಕೆ, ವಿಠ್ಠಲ ದೇವಸ್ಥಾನದ ಸಂಗೀತ ಕಂಬ ನೋಡಲು. ರಾಕ್ ಬ್ಯಾಂಡಿಗೆ ಅದಕ್ಕಿಂತ ದೊಡ್ಡ ತೀರ್ಥ ಉಂಟಾ?

ವ್ಯಾನ್ ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಕಲ್ಲಿನ ತೇರಿನ ಮುಂದೆ ಎಲ್ಲರೂ ಐವತ್ತರ ನೋಟು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು, ನೋಟಿನ ಹಿಂದೆ ಇರುವುದು ಅದೇ ತೇರು. ನಮ್ಮ ನಾಲ್ವರ ಹತ್ತಿರ ಒಂದೂ ಐವತ್ತರ ನೋಟು ಇರಲಿಲ್ಲ. ಎಲ್ಲಾ ಫೋನಿನಲ್ಲೇ. ಫೋನಿನಲ್ಲಿ ನೋಟಿನ ಚಿತ್ರ ತೆಗೆದು ಅದನ್ನು ಹಿಡಿದು ನಿಂತ ಗಿಟಾರು. ನೋಡಲಾಗಲಿಲ್ಲ.

ರಂಗಮಂಟಪದಲ್ಲಿ 56 ಸಂಗೀತ ಕಂಬಗಳು. ದೊಡ್ಡ ಕಂಬದ ಸುತ್ತ ಸಣ್ಣ ಕಂಬಗಳು, ಎಲ್ಲವೂ ಒಂದೇ ಕಲ್ಲಿನಲ್ಲಿ ಕಡೆದವು. ಬೆರಳಲ್ಲಿ ತಟ್ಟಿದರೆ ಒಂದೊಂದೂ ಒಂದೊಂದು ಸ್ವರ. ಆದರೆ ತಟ್ಟುವಂತಿಲ್ಲ. ತಟ್ಟಿ ತಟ್ಟಿ ಸವೆದಿವೆ, ಅದಕ್ಕೇ ಈಗ ಮುಟ್ಟಬಾರದು. ನಮ್ಮ ಡ್ರಮ್ಮು ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ನಿಂತಿದ್ದ. ಆದರೂ ಒಂದು ಹೆಜ್ಜೆ ಮುಂದೆ ಇಟ್ಟದ್ದಕ್ಕೆ ಗಾರ್ಡ್ ಸೀಟಿ ಊದಿದರು. ಆ ಸೀಟಿಯ ಸದ್ದು ಮಂಟಪದಲ್ಲೆಲ್ಲ ತಿರುಗಿ ಬಂತು. ಅವತ್ತು ಅಲ್ಲಿ ನಾವು ಕೇಳಿದ ಸಂಗೀತ ಅಷ್ಟೇ.

ಗೈಡ್ ಹೇಳುವ ಕಥೆ ಒಂದಿದೆ. ಒಳಗೆ ಏನಿದೆ ನೋಡೋಣ ಅಂತ ಬ್ರಿಟಿಷರು ಎರಡು ಕಂಬ ಕತ್ತರಿಸಿದರಂತೆ, ಏನೂ ಸಿಗಲಿಲ್ಲವಂತೆ. ಕತ್ತರಿಸಿದ್ದು ನಿಜವೋ ಕಥೆಯೋ, ಒಳಗೆ ಏನೂ ಇಲ್ಲ ಅನ್ನುವುದಂತೂ ನಿಜ. ಕಂಬಗಳು ಪೊಳ್ಳಲ್ಲ, ಗಟ್ಟಿ ಕಲ್ಲು. ಮೇಲೆ ಕೆಳಗೆ ಹಿಡಿದು ನಡುವೆ ತಟ್ಟಿದಾಗ ಸಣ್ಣ ಕಂಬ ಕಣ್ಣಿಗೆ ಕಾಣದಷ್ಟು ಬಾಗಿ ನಡುಗುತ್ತದೆ, ಆ ನಡುಕವೇ ಸ್ವರ. ಎಷ್ಟು ಉದ್ದ, ಎಷ್ಟು ದಪ್ಪ ಅನ್ನುವುದರ ಮೇಲೆ ಸ್ವರ ಏರುತ್ತದೆ, ಇಳಿಯುತ್ತದೆ. ಅಂದರೆ ಉಳಿ ಹಿಡಿದವನು ಕಲ್ಲು ಕೆತ್ತುತ್ತಲೇ ಶ್ರುತಿ ಮಾಡಿದ್ದಾನೆ. ಒಂದು ನೂಲು ಜಾಸ್ತಿ ಹೋದರೆ ವಾಪಸ್ ಅಂಟಿಸುವ ಹಾಗಿಲ್ಲ. ನಮ್ಮ ಗಿಟಾರು ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಬ್ಯಾಗನ್ನು ಬೆನ್ನಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ, ದೇವಸ್ಥಾನದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದ ಹಾಗೆ.

ಮಧ್ಯಾಹ್ನ ಹೊಳೆಯ ಪಕ್ಕದ ಪುರಂದರ ಮಂಟಪಕ್ಕೆ ಹೋದೆವು. ಮಳೆಗಾಲದಲ್ಲಿ ತುಂಗಭದ್ರೆ ತುಂಬಿದರೆ ಮುಳುಗುವ ಮಂಟಪ ಅದು. ಈಗ ನೀರು ಇಳಿದು, ಕಲ್ಲು ಒಣಗಿ ಬೆಚ್ಚಗಿತ್ತು. ಪುರಂದರದಾಸರು ಇಲ್ಲಿ ಕೂತು ಹಾಡುತ್ತಿದ್ದರು ಅಂತ ನಂಬಿಕೆ. ಸಂಗೀತ ಕಲಿಯುವ ಮಕ್ಕಳು ಇವತ್ತಿಗೂ ಮೊದಲು ಹೇಳುವ ಸರಳೆ ವರಸೆ ಅವರು ಹಾಕಿಕೊಟ್ಟದ್ದು ಅನ್ನುತ್ತಾರೆ. ಬೇಸು ಚಪ್ಪಲಿ ಬಿಟ್ಟು ಕಂಬಕ್ಕೆ ಒರಗಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಬಹಳ ಸಣ್ಣ ದನಿಯಲ್ಲಿ ಸ ರಿ ಗ ಮ ಪ ದ ನಿ ಸ ಅಂದಳು. ಇಳಿದು ಬಂದಳು. ಮತ್ತೆ ಹತ್ತಿದಳು. ದನಿ ಶ್ರುತಿಯಲ್ಲಿತ್ತು!

"ಲೇ, ನಿಂಗೆ ಬರುತ್ತಾ?" ಅಂದೆ.

"ಎಂಟು ತಿಂಗಳು ಕಲ್ತಿದ್ದೆ, ನಾಲ್ಕನೇ ಕ್ಲಾಸಲ್ಲಿ. ಆಮೇಲೆ ಟೀಚರ್‌ಗೆ ಟ್ರಾನ್ಸ್‌ಫರ್ ಆಯ್ತು."

"ಹದಿನಾರು ವರ್ಷದಿಂದ ಹೇಳಲೇ ಇಲ್ವಲ್ಲೇ?"

"ಹೇಳಿದ್ರೆ ಬ್ಯಾಂಡಿಂದ ತೆಗೀತಿದ್ರಿ."

ಮಾತು ನಿಜ.

ನಾಲ್ಕನೇ ದಿನ

ಬಳ್ಳಾರಿ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಅಲ್ಲಿ ಒಂದು ಬೂದಿ ದಿಬ್ಬ ಇದೆ. ಸಾವಿರಾರು ವರ್ಷದ ಹಿಂದೆ ದನ ಕಾಯುವ ಜನ ಸಗಣಿ ರಾಶಿ ಹಾಕಿ ಸುಟ್ಟು ಸುಟ್ಟು ಆದ ದಿಬ್ಬ. ಅದೇ ಊರಿನ ಹತ್ತಿರ ಈಗ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ. ಕುಡತಿನಿಗೂ ಬೂದಿಗೂ ಏನೋ ಋಣ ಇರಬೇಕು.

ಬಳ್ಳಾರಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಸಂಗನಕಲ್ಲಿಗೆ ಹೊರಟೆವು. ಊರಿನಿಂದ ಎಂಟು ಕಿಲೋಮೀಟರ್ ಇರಬಹುದು. ಈ ಜಾಗ ಹುಡುಕಿದ್ದು ಬೇಸು. ಇಡೀ ಟೂರ್ ಪ್ಲಾನ್ ಆಗಿದ್ದೇ ಇದಕ್ಕೆ ಅಂತ ಆಮೇಲೆ ಗೊತ್ತಾಯಿತು.

ಇಲ್ಲಿನ ಗುಡ್ಡಗಳಲ್ಲಿ ಮೂರೂವರೆ, ನಾಲ್ಕು ಸಾವಿರ ವರ್ಷದ ಹಿಂದೆ ಜನ ಇದ್ದರು. ದನ ಸಾಕುತ್ತಿದ್ದರು, ಹುರುಳಿ, ಹೆಸರು ಬೆಳೆಯುತ್ತಿದ್ದರು. ಹಿರೇಗುಡ್ಡದ ಕರಿಕಲ್ಲಿನಲ್ಲಿ ಕೊಡಲಿ ಮಾಡುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ 1872ರಲ್ಲೇ ಈ ಜಾಗ ಗುರುತಿಸಿದ್ದ. ಬಂಡೆಯ ಮೇಲಿನ ಕೆತ್ತನೆಗಳ ಬಗ್ಗೆ ಫಾಸೆಟ್ ಅನ್ನುವ ಇಂಗ್ಲಿಷ್ ಅಧಿಕಾರಿ 1892ರಲ್ಲಿ ಬರೆದ. ಆಮೇಲೆ ಬಹಳ ವರ್ಷ ಆ ಕೆತ್ತನೆಗಳನ್ನು ಹೆಚ್ಚು ಜನ ಕೇಳಲಿಲ್ಲ. 2004ರಲ್ಲಿ ನಿಕೋಲ್ ಬೋಯ್ವಿನ್ ಅನ್ನುವ ಪುರಾತತ್ವ ತಜ್ಞೆ ಇಲ್ಲಿನ ಸದ್ದು ಮಾಡುವ ಬಂಡೆಗಳ ಬಗ್ಗೆ ಬರೆದಾಗ ಮತ್ತೆ ಸುದ್ದಿಯಾಯಿತು. ಸದ್ದು ಮಾಡುವ ಬಂಡೆ! ರಾಕ್ ಮ್ಯೂಸಿಕ್ ಅನ್ನುವ ಪದವನ್ನು ಇದಕ್ಕಿಂತ ಸರಿಯಾಗಿ ಇನ್ನೆಲ್ಲಿ ಬಳಸುತ್ತೀರಿ?

ಗುಡ್ಡ ಹತ್ತುವುದು ಸುಲಭ ಇರಲಿಲ್ಲ. ಮೆಟ್ಟಿಲು ಇಲ್ಲ, ಬೋರ್ಡ್ ಇಲ್ಲ. ದಾರಿ ತಪ್ಪಿ ಮುಳ್ಳಿನಲ್ಲಿ ಸಿಕ್ಕಿಕೊಂಡಾಗ ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಸಿಕ್ಕಿದರು. "ಹಾಡೋ ಕಲ್ಲೇನ್ರಿ? ಬರ್ರಿ" ಅಂತ ಮುಂದೆ ನಡೆದರು. ಕೈಯಲ್ಲಿ ಕೋಲು, ಕಾಲಲ್ಲಿ ಟೈರಿನ ಚಪ್ಪಲಿ. ನಾವು ಏದುಸಿರು ಬಿಡುತ್ತಿದ್ದರೆ ಅವರು ಬೀಡಿ ಸೇದುತ್ತಾ ಹತ್ತಿದರು.

ಬೂದು ಬಣ್ಣದ ಕಣಶಿಲೆಯ ಗುಡ್ಡವನ್ನು ಸೀಳಿಕೊಂಡು ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಅದು ಒಡೆದು ಬಂಡೆಬಂಡೆಯಾಗಿ ಒಂದರ ಮೇಲೊಂದು ಕೂತಿದೆ. ಮೇಲೆಲ್ಲ ಕುಟ್ಟಿ ಕುಟ್ಟಿ ಬಿಡಿಸಿದ ಚಿತ್ರಗಳು. ಉದ್ದ ಕೊಂಬಿನ ದನಗಳು, ಕಡ್ಡಿಯಂಥ ಮನುಷ್ಯರು. ಕೆಲವು ಬಂಡೆಗಳ ಮೇಲೆ ಚಿತ್ರ ಇಲ್ಲ, ಬರೀ ಬಟ್ಟಲಿನಂಥ ಗುಳಿಗಳು. ಅಜ್ಜ ಅಂಥ ಒಂದು ಬಂಡೆಯ ಹತ್ತಿರ ನಿಂತು, ನೆಲದಿಂದ ಕೋಳಿಮೊಟ್ಟೆಯಷ್ಟು ಕಲ್ಲು ಹೆಕ್ಕಿ, ಗುಳಿಯ ಮೇಲೆ ತಟ್ಟಿದರು.

ಟಣ್ಣ್.

ಕಲ್ಲಿನ ಸದ್ದು ಅಲ್ಲ. ದೇವಸ್ಥಾನದ ಗಂಟೆಯ ಸದ್ದೂ ಅಲ್ಲ. ಖಾಲಿ ಹಂಡೆಯನ್ನು ಯಾರೋ ಆಚೆ ಮನೆಯಲ್ಲಿ ಕೆಳಗಿಟ್ಟ ಹಾಗೆ. ಪಕ್ಕದ ಬೂದು ಬಂಡೆಯ ಮೇಲೆ ಅದೇ ಕಲ್ಲಿನಲ್ಲಿ ತಟ್ಟಿದರು. ಠಪ್. ಸತ್ತ ಸದ್ದು. ಮತ್ತೆ ಕರಿಕಲ್ಲು. ಟಣ್ಣ್. ಕರಿಕಲ್ಲು ಒತ್ತಾದ ಕಲ್ಲು, ಜೊತೆಗೆ ಈ ಬಂಡೆ ಕೆಳಗೆ ಎರಡು ಮೂರು ಕಡೆ ಮಾತ್ರ ತಾಗಿಕೊಂಡು ಕೂತಿದೆ. ನೆಲಕ್ಕೆ ಪೂರ್ತಿ ಒರಗಿದ್ದಿದ್ದರೆ ಸದ್ದು ನೆಲಕ್ಕೇ ಹೋಗುತ್ತಿತ್ತು. ಬೇಸು ಇದನ್ನೆಲ್ಲ ವಿವರಿಸುತ್ತಿದ್ದಳು. ಡ್ರಮ್ಮು ಕೇಳುತ್ತಿರಲಿಲ್ಲ. ಅವನು ಬಂಡೆಯ ಇನ್ನೊಂದು ತುದಿಯಲ್ಲಿ ಅಂಗೈ ಇಟ್ಟು ಕೂತಿದ್ದ.

"ಕೈಗೆ ಗೊತ್ತಾಗುತ್ತೆ ಕಣೋ," ಅಂದ. "ಜುಂ ಅನ್ನುತ್ತೆ."

ಅಜ್ಜ ಕಲ್ಲನ್ನು ಅವನ ಕೈಗೆ ಕೊಟ್ಟರು. ಅವನು ತೆಗೆದುಕೊಂಡ, ಆದರೆ ಹೊಡೆಯಲಿಲ್ಲ. ನಾಲ್ಕು ದಿನದಿಂದ ಸ್ಟೆಪ್ನಿ, ಬಕೆಟ್ಟು, ಡ್ಯಾಶ್‌ಬೋರ್ಡು, ನನ್ನ ಬೆನ್ನು ಏನನ್ನೂ ಬಿಡದೆ ಬಾರಿಸಿದ್ದವನು. ಹಂಪಿಯಲ್ಲಿ ಸೀಟಿ ಊದುವವರಿದ್ದರು, ಇಲ್ಲಿ ಯಾರೂ ಇರಲಿಲ್ಲ. ಕೆಳಗೆ ಎಲ್ಲೋ ಕುರಿಗಳು, ಅಷ್ಟೇ.

"ಮೆಲ್ಲಗ," ಅಂದರು ಅಜ್ಜ. "ಬಡೀಬ್ಯಾಡ್ರಿ. ಕೇಳ್ರಿ."

ಕೇಳ್ರಿ ಅಂದರೆ ಸದ್ದನ್ನು ಕೇಳಬೇಕೋ, ಕಲ್ಲನ್ನು ಕೇಳಬೇಕೋ, ನನಗೆ ಗೊತ್ತಾಗಲಿಲ್ಲ. ಡ್ರಮ್ಮಿಗೆ ಗೊತ್ತಾಗಿರಬೇಕು. ಒಂದೇ ಏಟು, ಬಾಗಿಲು ತಟ್ಟಿದಷ್ಟು. ಸದ್ದು ಎದ್ದು, ಬಯಲಿನ ಮೇಲೆ ಹೋಗಿ, ಇಲ್ಲವಾಗುವವರೆಗೆ ಯಾರೂ ಅಲ್ಲಾಡಲಿಲ್ಲ. ಆಮೇಲೆ ಅವನು ಕಲ್ಲನ್ನು ಅಜ್ಜ ಎತ್ತಿಕೊಂಡ ಜಾಗದಲ್ಲೇ ವಾಪಸ್ ಇಟ್ಟ. ಕಲ್ಲುಸಕ್ಕರೆ ಬ್ಯಾಂಡಿನವರು ವಾದ್ಯ ಅಂತ ಒಂದನ್ನು ನುಡಿಸಿದ್ದು ಅದೇ ಮೊದಲು. ಒಂದು ಏಟು.

ಇಳಿಯುವಾಗ ಅಜ್ಜ ಕೇಳಿದರು, ಆ ಕರೀ ಚೀಲದಲ್ಲಿ ಏನೈತಿ ಅಂತ. ಗಿಟಾರು ಜಿಪ್ ತೆಗೆದು ತೋರಿಸಿದ. ಅಜ್ಜ ರ‍್ಯಾಕೆಟ್ ಹಿಡಿದು ಗಾಳಿಯಲ್ಲಿ ಎರಡು ಸಲ ಬೀಸಿ, "ಸೊಳ್ಳಿ ಹೊಡಿಯೋದೇನ್ರಿ?" ಅಂದರು.

ಬೆಂಗಳೂರಿಗೆ 300 ಕಿಲೋಮೀಟರ್‌ಗೂ ಜಾಸ್ತಿ. ಚಳ್ಳಕೆರೆಯಲ್ಲಿ ಟೀ, ಹಿರಿಯೂರಿನಲ್ಲಿ ಡೀಸೆಲ್. ಕತ್ತಲಾಗಿತ್ತು, ಗಾಳಿಯಂತ್ರಗಳ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಶಿರಾ ಹತ್ತಿರ ನನ್ನ ಫೋನ್ ಹೊಡೆದುಕೊಂಡಿತು. ಹೊಸಪೇಟೆ ಓನರ್. ಏಪ್ರಿಲ್‌ನಲ್ಲಿ ಅವರ ತಮ್ಮನ ಮಗಳ ಮದುವೆ, ಚಿತ್ರದುರ್ಗದಲ್ಲಿ. ಮಕ್ಕಳೆಲ್ಲ ಹಟ ಹಿಡಿದಿದ್ದಾರಂತೆ. ಅಜ್ಜಿಯೂ ಬರುತ್ತಾರಂತೆ. "ಮಗ್ಗಿಯೋರು ಬರ್ತೀರೇನ್ರಿ? ಎಷ್ಟ್ ತಗೋತೀರಿ, ಹೇಳಿಬಿಡ್ರಿ."

ಫೋನ್ ಮುಚ್ಚಿ ವಿಷಯ ಹೇಳಿದೆ. ಮುಂಗಡ ಎಷ್ಟು ಕೇಳೋಣ ಅಂತ ಗಿಟಾರಿಗೂ ಬೇಸಿಗೂ ಜಗಳ ಶುರುವಾಯಿತು, ಬ್ಯಾಂಡ್ ಮತ್ತೊಂದು ಸಲ ಒಡೆಯುವಷ್ಟು. ಡ್ರಮ್ಮು ಮಾತ್ರ ಇದರಲ್ಲಿ ಸೇರಲಿಲ್ಲ. ಹಿಂದಿನ ಸೀಟಿನಲ್ಲಿ ಬಕೆಟ್ ಕಾಲ ನಡುವೆ ಇಟ್ಟುಕೊಂಡು, ಬೆರಳ ತುದಿಯಲ್ಲಿ ಸದ್ದಾಗದ ಹಾಗೆ ತಟ್ಟುತ್ತಾ ಗೊಣಗುತ್ತಿದ್ದ.

ಹದಿನೇಳೇಳ್ಲ ನೂರ ಹತ್ತೊಂಬತ್ತು. ಹದಿನೇಳೆಂಟ್ಲ ನೂರ ಮೂವತ್ತಾರು. ಹದಿನೇಳೆಂಟ್ಲ ನೂರ ಮೂವತ್ತಾರು.